ಅಪ್ಪ ಕಳಿಸಿದ ಈ ಮೋಡದ ತುದಿ ಚಪ್ಪಟೆ ಯಾಕೆ?

ಧಾರವಾಡದ ಮಗಳು: ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಈಗ ಗುಡ್ ಮಾರ್ನಿಂಗ್ ಹೂಗಳಿಗಿಂತ ಮೋಡಗಳೇ ಜಾಸ್ತಿ. ಹಚ್ಚಿಕೊಟ್ಟವರು ಅಪ್ಪ. ನಿವೃತ್ತಿಯಾದ ಮೇಲೆ ಸಂಜೆಯಾದರೆ ಮೊಬೈಲ್ ಹಿಡಿದು ತಾರಸಿ ಹತ್ತುತ್ತಾರೆ. ಕುಮಟೆಯ ಅತ್ತೆ ಕಡಲ ಮೇಲಿನ ಕಾರ್ಮೋಡ ಕಳಿಸುತ್ತಾರೆ. ಪುಣೆಯ ತಮ್ಮ ಆಫೀಸಿನ ಕಿಟಕಿಯಿಂದ ತೆಗೆಯುತ್ತಾನೆ, ಅದರಲ್ಲಿ ಅರ್ಧ ಟ್ಯೂಬ್‌ಲೈಟಿನ ಬಿಂಬ! ನಿನ್ನೆ ಆಲಿಕಲ್ಲು ಮಳೆಗೆ ಮುಂಚೆ ಅಪ್ಪ ಕಳಿಸಿದ ಮೋಡ ಕೆಳಗೆ ಕರ್ರಗೆ, ಮೇಲೆ ಹೂಕೋಸಿನ ಹಾಗೆ ಉಬ್ಬಿತ್ತು. ತುದಿ ಮಾತ್ರ ಚಪ್ಪಟೆ. ಯಾಕೆ ಹಾಗೆ ಅಂತ ಅಪ್ಪ ಕೇಳುತ್ತಲೇ ಇದ್ದಾರೆ.

ಭೂಗೋಳದ ಮೇಷ್ಟ್ರು: ಅದು ಕ್ಯುಮುಲೋನಿಂಬಸ್, ಗುಡುಗಿನ ಮೋಡ. ಬಿಸಿ ಗಾಳಿ ಮೇಲೇರುತ್ತ ಟ್ರೋಪೋಪಾಸ್, ಅಂದರೆ ವಾತಾವರಣದ ಕೆಳಪದರದ ಮೇಲಂಚು, ಮುಟ್ಟುತ್ತದೆ. ನಮ್ಮ ಕಡೆ ಅದು ಸುಮಾರು 16 ಕಿ.ಮೀ. ಎತ್ತರ. ಅದರಾಚೆ ಮೇಲೆ ಹೋದಂತೆ ವಾತಾವರಣ ಬೆಚ್ಚಗಾಗುವುದರಿಂದ ಮೋಡ ಇನ್ನೂ ಏರಲಾರದೆ ಅಡ್ಡಡ್ಡ ಹರಡುತ್ತದೆ. ಆ ಚಪ್ಪಟೆ ಭಾಗವೆಲ್ಲ ಮಂಜಿನ ಹರಳು. ಒಂದು ಮಾತಮ್ಮ, ಗುಡುಗು ಕೇಳಿದ ಕೂಡಲೇ ಅಪ್ಪನನ್ನು ತಾರಸಿಯಿಂದ ಕೆಳಗಿಳಿಸಿ. ಮಳೆ ಶುರುವಾಗದಿದ್ದರೂ ಸಿಡಿಲು ಬೀಳಬಹುದು.

ಶಿರಸಿಯವ: ನಮ್ಮಲ್ಲಿ ಅಮ್ಮನಿಗೂ ಮಗಳಿಗೂ ಇದೇ ಹುಚ್ಚು. ಅವರಿಗೊಂದು ಆಟ ಕಲಿಸಿದ್ದೇನೆ: ಚಿಕ್ಕ ಚಿಕ್ಕ ತುಣುಕಿನ ಮೋಡ ಕಂಡರೆ ಕೈ ಪೂರ್ತಿ ಚಾಚಿ ಕಿರುಬೆರಳು ಅಡ್ಡ ಹಿಡಿಯುವುದು. ತುಣುಕು ಬೆರಳಿನ ಹಿಂದೆ ಮುಚ್ಚಿಹೋದರೆ ಸಿರೊಕ್ಯುಮುಲಸ್, ಬಹಳ ಎತ್ತರದ್ದು. ಅದಕ್ಕಿಂತ ದೊಡ್ಡದಾದರೆ, ಮೂರು ಬೆರಳಿನಷ್ಟಿದ್ದರೂ, ಆಲ್ಟೊಕ್ಯುಮುಲಸ್, ಮಧ್ಯಮ ಎತ್ತರದ್ದು. ಸೂರ್ಯನ ಹತ್ತಿರ ಮಾತ್ರ ಬೇಡ, ಕಣ್ಣಿಗೆ ಕೆಟ್ಟದ್ದು.

ಧಾರವಾಡದ ಮಗಳು: ಥ್ಯಾಂಕ್ಸ್ ಸರ್, ಇಬ್ಬರಿಗೂ. ಬೆರಳಿನ ಲೆಕ್ಕ ಗುಂಪಿಗೆ ಹಾಕಿದೆ. ಅತ್ತೆ ಕಳಿಸಿದ ಹೊಸ ಫೋಟೋದಲ್ಲಿ ಬೆರಳು ಬಿಟ್ಟು ಬೇರೇನೂ ಕಾಣುತ್ತಿಲ್ಲ.