ಚರ್ಚ್‌ನ ಯುವ ವಾಲಿಬಾಲ್ ತಂಡದಲ್ಲಿ ನಡತೆಯನ್ನು ಬೆಳೆಸುವುದು ಹೇಗೆ?

ಯುವ ಸಂಚಾಲಕ, ದಕ್ಷಿಣ ಕನ್ನಡ

ಭಾನುವಾರದ ಬಲಿಪೂಜೆಯ ಬಳಿಕ 13ರಿಂದ 18 ವರ್ಷದ ಮಕ್ಕಳಿಗೆ ವಾಲಿಬಾಲ್ ತರಬೇತಿ ಆರಂಭಿಸಲು ನಮ್ಮ ಧರ್ಮಗುರುಗಳೂ ಪಾಲನಾ ಮಂಡಳಿಯವರೂ ಒಪ್ಪಿದ್ದಾರೆ. ಆದರೆ ಸುತ್ತಮುತ್ತಲಿನ ಹೊನಲು ಬೆಳಕಿನ ಪಂದ್ಯಾಟಗಳಲ್ಲಿ ಸಂಘದ ಹೆಸರಿನಲ್ಲಿ ಹಣ ಪಡೆದು ಬಂದ ಅತಿಥಿ ಆಟಗಾರರು ಆಡುವುದನ್ನೂ, ಒಂದು ಅಂಕಕ್ಕಾಗಿ ಅಂಪೈರರ ಮೇಲೆ ಮುಗಿಬೀಳುವುದನ್ನೂ ನೋಡಿದ ಮೇಲೆ, ಅಂಥದೇ ಇನ್ನೊಂದು ತಂಡ ಕಟ್ಟಿ ಅದಕ್ಕೆ ಸಂತರ ಹೆಸರಿಡಲು ನನಗೆ ಮನಸ್ಸಿಲ್ಲ. ಆರಂಭದಲ್ಲಿ ಪ್ರಾರ್ಥನೆ ಹೇಳಿಸಿದ ಮಾತ್ರಕ್ಕೆ ಮಕ್ಕಳು ಪ್ರಾಮಾಣಿಕರಾಗುವುದಿಲ್ಲವಷ್ಟೆ. ಆ ಗುಣ ಆಟದ ಒಳಗಿನಿಂದಲೇ ಬೆಳೆಯಲು ಏನು ಮಾಡಬೇಕು? ನೆರೆಯ ಹಿಂದೂ, ಮುಸ್ಲಿಂ ಮನೆಗಳ ಮಕ್ಕಳೂ ಬರುತ್ತೇವೆ ಎನ್ನುತ್ತಿದ್ದಾರೆ. ಅವರು ಬಂದರೆ ಪ್ರಾರ್ಥನೆ ಹೇಗಿರಬೇಕು?

ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಉಡುಪಿ

ನಿಮ್ಮ ಪ್ರಶ್ನೆ ಈ ಆಟದ ಹುಟ್ಟಿನಷ್ಟೇ ಹಳೆಯದು. 1895ರಲ್ಲಿ ಅಮೆರಿಕದ ಹೋಲಿಯೋಕ್ ಊರಿನ ವೈಎಂಸಿಎಯಲ್ಲಿ, ಬಾಸ್ಕೆಟ್‌ಬಾಲಿನ ಓಟ ಹೆಚ್ಚಾಯಿತೆನ್ನುವ ಹಿರಿಯ ಸದಸ್ಯರಿಗಾಗಿ ವಿಲಿಯಂ ಮಾರ್ಗನ್ ಈ ಆಟವನ್ನು ರೂಪಿಸಿದರು. ದೇಹ, ಮನಸ್ಸು, ಆತ್ಮ ಮೂರೂ ಒಟ್ಟಿಗೆ ಬೆಳೆಯಬೇಕೆಂಬುದು ಆ ಕ್ರೈಸ್ತ ಸಂಸ್ಥೆಯ ನಂಬಿಕೆಯಾಗಿತ್ತು. ಅದೇ ನಂಬಿಕೆಯಿಂದ ಹ್ಯಾರಿ ಬಕ್ 1920ರಲ್ಲಿ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜನ್ನು ಆರಂಭಿಸಿದರು.

ನಡತೆಗೆ ಬೇಕಾದ ಸಾಮಗ್ರಿ ಆಟದ ನಿಯಮಗಳಲ್ಲಿಯೇ ಇದೆ. ಒಬ್ಬನೇ ಸತತವಾಗಿ ಎರಡು ಬಾರಿ ಚೆಂಡನ್ನು ಮುಟ್ಟುವಂತಿಲ್ಲವಾದ್ದರಿಂದ, ಹಿಂದೆ ನಿಂತು ಸರ್ವಿಸ್ ತೆಗೆದವನೂ ಚೆಂಡು ಎತ್ತಿಕೊಟ್ಟ ಲಿಫ್ಟರನೂ ಇಲ್ಲದೆ ಎಷ್ಟೇ ಎತ್ತರದ ಸ್ಮ್ಯಾಷರನೂ ಏನೂ ಮಾಡಲಾರ. ಎದುರಾಳಿಯಿಂದ ಸರ್ವಿಸ್ ಗೆದ್ದಾಗಲೆಲ್ಲ ಆರೂ ಮಂದಿ ಸ್ಥಾನ ಬದಲಿಸಬೇಕಾಗಿರುವುದರಿಂದ ಮುಂದಿದ್ದವನು ಹಿಂದಕ್ಕೂ ಬರಬೇಕು. ಆದರೆ ಕಪ್ಪಿನ ಆಸೆಗೆ ನಾವು ಚಿಕ್ಕ ವಯಸ್ಸಿನಲ್ಲೇ ಒಬ್ಬನನ್ನು ಸ್ಮ್ಯಾಷರ್, ಇನ್ನೊಬ್ಬನನ್ನು ಲಿಫ್ಟರ್ ಎಂದು ಕಟ್ಟಿಹಾಕಿ ಆ ಪಾಠವನ್ನು ಕೆಡಿಸುತ್ತೇವೆ. 15 ವರ್ಷದವರೆಗೆ ಪ್ರತಿಯೊಂದು ಮಗುವೂ ಎಲ್ಲ ಸ್ಥಾನಗಳಲ್ಲಿ ಆಡಲಿ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಇನ್ನು ಪ್ರಾಮಾಣಿಕತೆಯ ವಿಷಯ. ಎದುರಾಳಿಯ ಹೊಡೆತ ತಡೆಯಲು ನೆಟ್ ಬಳಿ ಜಿಗಿದು ಬ್ಲಾಕ್ ಮಾಡಿದವನ ಬೆರಳ ತುದಿ ಸವರಿ ಚೆಂಡು ಹೊರಗೆ ಬಿದ್ದರೆ ಅಂಕ ಎದುರಾಳಿಗೆ ಹೋಗಬೇಕು; ಆ ಸ್ಪರ್ಶ ಅಂಪೈರರ ಕಣ್ಣಿಗೆ ಬೀಳದಿರಬಹುದು, ಆದರೆ ಆ ಹುಡುಗನಿಗೆ ಖಂಡಿತವಾಗಿ ಗೊತ್ತಿರುತ್ತದೆ. ತಾನಾಗಿ ಒಪ್ಪಿಕೊಂಡವರನ್ನು ಗೌರವಿಸಲು 2023ರ ನೇಷನ್ಸ್ ಲೀಗ್ ಎಂಬ ಅಂತರರಾಷ್ಟ್ರೀಯ ವಾಲಿಬಾಲ್ ಪಂದ್ಯಾವಳಿಯಲ್ಲಿ ಹಸಿರು ಕಾರ್ಡನ್ನೇ ತಂದರು. ನಿಮ್ಮ ಅಂಗಳದಲ್ಲಿ ಮಗು ಕೈಯೆತ್ತಿ “ಟಚ್” ಎಂದಾಗ, ಅದು ಸೆಟ್‌ನ ಕೊನೆಯ 24–24ರ ಬಿಗಿ ಹಂತವಾಗಿದ್ದರೂ ತರಬೇತುದಾರರ ಮುಖದಲ್ಲಿ ಅಸಮಾಧಾನ ಕಾಣಬಾರದು. ಮಕ್ಕಳು ಉಪದೇಶಕ್ಕಿಂತ ಆ ಮುಖವನ್ನೇ ಹೆಚ್ಚು ಓದುತ್ತಾರೆ.

ನೆರೆಮನೆಯ ತಾಯಿ, ಬಂಟ್ವಾಳ

ನಮ್ಮದು ಹಿಂದೂ ಮನೆ, ಮಗ ಚರ್ಚ್ ಮೈದಾನದ ತಂಡದಲ್ಲಿ ಆಡುತ್ತಾನೆ. ಅಲ್ಲಿ ತರಬೇತಿಗೆ ಮುನ್ನ ಎಲ್ಲರೂ ವೃತ್ತಾಕಾರವಾಗಿ ನಿಂತು ಒಂದು ನಿಮಿಷ ಮೌನವಾಗಿರುತ್ತಾರೆ, ಅವರವರ ದೇವರನ್ನು ಅವರವರು ನೆನೆಯುತ್ತಾರೆ. ಕ್ರೈಸ್ತ ಮಕ್ಕಳು ತಮ್ಮ ಪ್ರಾರ್ಥನೆಯನ್ನು ಬಳಿಕ ಗಟ್ಟಿಯಾಗಿಯೇ ಹೇಳುತ್ತಾರೆ, ಉಳಿದವರು ಗೌರವದಿಂದ ನಿಂತಿರುತ್ತಾರೆ, ಬಾಯಿ ಸೇರಿಸಬೇಕೆಂಬ ಒತ್ತಾಯವಿಲ್ಲ. ನಿಮ್ಮ ನಂಬಿಕೆಯನ್ನು ಮರೆಮಾಚಬೇಡಿ ಸಾರ್. ಅದು ಏನೆಂದು ಮೊದಲೇ ಹೆತ್ತವರಿಗೆ ತಿಳಿಸಿದರೆ ನಮಗೆ ಯಾವ ಅಳುಕೂ ಇರುವುದಿಲ್ಲ.

ಮಾಜಿ ಆಟಗಾರ್ತಿ, ಕುಂದಾಪುರ

ಹುಡುಗರಿಗೆ ವಾಲಿಬಾಲ್, ಹುಡುಗಿಯರಿಗೆ ತ್ರೋಬಾಲ್ ಎಂಬ ಕರಾವಳಿಯ ಪದ್ಧತಿಯನ್ನು ದಯವಿಟ್ಟು ಮುಂದುವರಿಸಬೇಡಿ. ಪುರುಷರ ನೆಟ್ 2.43 ಮೀಟರ್, ಮಹಿಳೆಯರದು 2.24 ಮೀಟರ್. ಕಂಬದಲ್ಲಿ ಇನ್ನೊಂದು ಕೊಕ್ಕೆ ಹಾಕಿಸಿದರೆ ಒಂದೇ ಅಂಗಳ ಇಬ್ಬರಿಗೂ ಸಾಕು. ಅತಿಥಿ ಆಟಗಾರರ ಪಿಡುಗಿಗೂ ಒಂದು ದಾರಿಯಿದೆ: ಮೊದಲ ವರ್ಷ ಹೊರಗಿನ ಪಂದ್ಯಾಟಕ್ಕೆ ಹೋಗದೆ ವಾಳೆ ವಾಳೆಗಳ (ಚರ್ಚ್‌ನ ವ್ಯಾಪ್ತಿಯ ಸಣ್ಣ ವಿಭಾಗಗಳ) ನಡುವೆಯೇ ಆಡಿಸಿ, ಪ್ರತಿ ಸೆಟ್‌ನಲ್ಲೂ ಬೆಂಚಿನ ಮಕ್ಕಳೆಲ್ಲ ಅಂಗಳಕ್ಕಿಳಿಯಲೇಬೇಕೆಂದು ನಿಯಮ ಮಾಡಿ. ಗೆಲ್ಲಲು ಆಡುವುದು ತಪ್ಪೆಂದು ನಾನು ಹೇಳುತ್ತಿಲ್ಲ, ಸೋಲನ್ನು ಲೆಕ್ಕಿಸದ ತಂಡದಲ್ಲಿ ಶ್ರಮವೂ ಇರುವುದಿಲ್ಲ.

ಯುವ ಸಂಚಾಲಕ, ದಕ್ಷಿಣ ಕನ್ನಡ

ಎಲ್ಲರಿಗೂ ಕೃತಜ್ಞತೆಗಳು. ಹುಡುಗಿಯರ ನೆಟ್, ಬೆಂಚಿನ ನಿಯಮ ಮತ್ತು ಮೌನ ಪ್ರಾರ್ಥನೆ ಮೂರನ್ನೂ ಮುಂದಿನ ಪಾಲನಾ ಮಂಡಳಿ ಸಭೆಯಲ್ಲಿ ಮಂಡಿಸುತ್ತೇನೆ. ಮಾಸ್ಟ್ರೇ, “ಟಚ್” ಎಂದು ಒಪ್ಪಿಕೊಂಡ ಮಗುವಿನ ಮೇಲೆ ಅಂಗಳದ ಹೊರಗೆ ನಿಂತ ಹೆತ್ತವರೇ ರೇಗಿದರೆ ಏನು ಮಾಡುವುದೆಂದು ತಿಳಿಸಿದರೆ ಉಪಕಾರವಾಗುತ್ತದೆ.

ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಉಡುಪಿ

ತರಬೇತಿಯ ಮೊದಲ ದಿನವೇ ಹೆತ್ತವರನ್ನು ಕರೆಸಿ, ಅವರನ್ನೇ ಎರಡು ತಂಡ ಮಾಡಿ ಒಂದು ಸೆಟ್ ಆಡಿಸಿ. ಅಂಪೈರರು ಬೇಡ, ಟಚ್ ಆದದ್ದನ್ನು ಅವರವರೇ ಹೇಳಲಿ, ಮಕ್ಕಳು ಸುತ್ತ ನಿಂತು ನೋಡಲಿ.