ಪದಚರ್ಚೆ: ರೊಸೇಶಿಯಾಕ್ಕೆ ಕನ್ನಡದ ಹೆಸರು, ಮತ್ತು ಲೇಸರ್ ‘ಸುಡು’ತ್ತದೆಯೇ, ‘ಬಾಡಿಸು’ತ್ತದೆಯೇ?

ಬಳಗದ ಹಿರಿಯರಿಗೆ ತೀರ್ಥಹಳ್ಳಿಯಿಂದ ನಮಸ್ಕಾರಗಳು.

ಶಿವಮೊಗ್ಗದ ಚರ್ಮವೈದ್ಯರೊಬ್ಬರು, ತಮ್ಮಲ್ಲಿಗೆ ಬರುವವರ ಕೈಗೆ ಕೊಡಲೆಂದು, ರೊಸೇಶಿಯಾದ ಕುರಿತು ಎರಡು ಪುಟದ ಕನ್ನಡ ಬರಹವೊಂದನ್ನು ಕೇಳಿದ್ದಾರೆ. ಕೆನ್ನೆ, ಮೂಗು, ಹಣೆ, ಗದ್ದಗಳಲ್ಲಿ ಕೆಂಪು ಬಂದು ಹೋಗುತ್ತಿದ್ದು, ಬರಬರುತ್ತಾ ಹೋಗದೆ ಉಳಿದು, ಸಣ್ಣ ರಕ್ತನಾಳಗಳು ಚರ್ಮದಡಿ ನೂಲೆಳೆಯಂತೆ ಕಾಣತೊಡಗಿ, ಕೆಲವರಲ್ಲಿ ಗುಳ್ಳೆಗಳೂ ಏಳುವ, ಕಣ್ಣಿಗೂ ತಟ್ಟಬಹುದಾದ ದೀರ್ಘಕಾಲದ ಕಾಯಿಲೆ ಇದು. ನನ್ನ ಬರವಣಿಗೆ ತಲೆಬರಹದಲ್ಲೇ ನಿಂತಿದೆ.

ಲ್ಯಾಟಿನ್ನಿನಲ್ಲಿ ಈ ಪದಕ್ಕೆ ‘ಗುಲಾಬಿಯಂಥದು’ ಎಂಬರ್ಥ. ಹಿಂದೆ ‘ಅಕ್ನೆ ರೊಸೇಶಿಯಾ’ ಎನ್ನುತ್ತಿದ್ದುದರಿಂದ ‘ಗುಲಾಬಿ ಮೊಡವೆ’ ಎಂದು ಕರೆಯೋಣವೆಂದು ಗೆಳೆಯರೊಬ್ಬರು ಸೂಚಿಸಿದರು. ನಾನು ಒಪ್ಪಲಾರೆ. ಮೊಡವೆಯಲ್ಲಿರುವ ಕಪ್ಪುತಲೆಯ ಗಂಟುಗಳು ಇದರಲ್ಲಿ ಇರುವುದಿಲ್ಲ; ಮೊಡವೆಯೆಂದು ತಿಳಿದು ಹಚ್ಚುವ ಖಾರದ ಮುಲಾಮುಗಳು ಈ ಚರ್ಮವನ್ನು ಇನ್ನಷ್ಟು ಕೆರಳಿಸುತ್ತವೆ. ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ ಎಂಬುದನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ಅಡಿಕೆ ಬೇಯಿಸುವ ದಿನಗಳಲ್ಲಿ ಹಂಡೆಯ ಮುಂದೆ ಜಾಲರಿ ಸೌಟು ಹಿಡಿದು ನಿಂತ ನನ್ನ ಅತ್ತಿಗೆಯ ಮುಖ ಕೆಂಪಾದಾಗ ‘ಒಲೆಯ ಝಳ ಹೊಡೆದಿದೆ’ ಎಂದೆವು. ಸಂಜೆಯಾದರೂ ಇಳಿಯದಿದ್ದಾಗ ‘ಉಷ್ಣ’ ಎಂದೆವು. ಕಡೆಗೆ ಔಷಧಿ ಅಂಗಡಿಯೊಂದರಲ್ಲಿ ‘ಬಂಗು’ ಎಂದು ಹೇಳಿ ಕೊಟ್ಟ ಸ್ಟೆರಾಯ್ಡ್ ಇದ್ದ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚಿದರು. ಹಚ್ಚುವಷ್ಟು ದಿನ ಕೆಂಪು ಇಳಿದಂತೆ ಕಂಡು, ನಿಲ್ಲಿಸಿದ ವಾರದಲ್ಲೇ ಗುಳ್ಳೆಗಳೊಂದಿಗೆ ಇಮ್ಮಡಿಯಾಗಿ ಮರಳಿತು.

‘ಕೆಂಗೆನ್ನೆ’ ಎನ್ನಬಹುದಿತ್ತು, ಆದರೆ ಅದು ಚೆಲುವನ್ನು ಹೊಗಳುವ ಮಾತು, ಮೇಲಾಗಿ ಮೂಗು, ಹಣೆಗಳನ್ನು ಹೊರಗಿಡುತ್ತದೆ. ‘ಮೊಗಗೆಂಪು’ ಬಾಯಲ್ಲಿ ಹೊರಳುವುದಿಲ್ಲ. ಇದಕ್ಕಿಂತ ದೊಡ್ಡ ತೊಡಕೆಂದರೆ, ನಮ್ಮಂಥ ಕಂದು ಅಥವಾ ಕಪ್ಪು ಮೈಬಣ್ಣದವರಲ್ಲಿ ಕೆಂಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲವಾಗಿ ಕಾಯಿಲೆ ತಡವಾಗಿ ಗುರುತಿಗೆ ಬರುತ್ತದೆ. ಅತ್ತಿಗೆಯೂ ಮೊದಲು ಹೇಳಿದ್ದು ‘ಮುಖ ಚುರುಚುರು ಉರಿಯುತ್ತದೆ’ ಎಂದೇ ಹೊರತು ಕೆಂಪಾಗಿದೆ ಎಂದಲ್ಲ. ಆದ್ದರಿಂದ ಉರಿಯನ್ನೂ ಬಣ್ಣವನ್ನೂ ಕೂಡಿಸಿ ‘ಉರಿಗೆಂಪು’ ಎಂದು ಬರೆದು, ಪಕ್ಕದಲ್ಲೇ ‘ರೊಸೇಶಿಯಾ’ ಎಂದೂ ಇಡಲು ಯೋಚಿಸಿದ್ದೇನೆ. ಹೆಸರಿನ ಹಂಬಲದಲ್ಲಿ ವೈದ್ಯರ ಚೀಟಿಯಲ್ಲಿರುವ ಪದವನ್ನು ರೋಗಿಯಿಂದ ಮರೆಮಾಡಬಾರದು.

ಬಿಸಿಲು, ಒಲೆಯ ಕಾವು, ಬಿಸಿ ಕಾಫಿ, ಖಾರ, ಮದ್ಯ, ಮನಸ್ಸಿನ ಒತ್ತಡ ಇವುಗಳನ್ನು ‘ಕಾರಣ’ ಎನ್ನಲಾಗದು. ಒಳಗಿರುವುದನ್ನು ಇವು ಕೆರಳಿಸುತ್ತವೆ, ಅಷ್ಟೆ. ಇದಕ್ಕೆ ‘ನಿಮಿತ್ತ’ ಎಂಬ ಹಳೆಯ ಪದವೇ ಒಪ್ಪುತ್ತದೆ. ಮೆಟ್ರೊನಿಡಜೋಲ್, ಐವರ್‌ಮೆಕ್ಟಿನ್, ಅಜೆಲಾಯಿಕ್ ಆಮ್ಲದ ಲೇಪಗಳು, ಡಾಕ್ಸಿಸೈಕ್ಲಿನ್ ಮಾತ್ರೆ ಮುಂತಾದವು ಗುಳ್ಳೆಗಳನ್ನು ಇಳಿಸುತ್ತವೆ. ಇವುಗಳ ಹೆಸರನ್ನು ಹಾಗೆಯೇ ಉಳಿಸಿದ್ದೇನೆ. ಕಾಯಿಲೆ ‘ವಾಸಿಯಾಗುತ್ತದೆ’ ಎಂದು ಬರೆಯದೆ ‘ಹತೋಟಿಗೆ ಬರುತ್ತದೆ’ ಎಂದಿದ್ದೇನೆ.

ನನಗೆ ನಿಜವಾಗಿ ನಿಮ್ಮ ನೆರವು ಬೇಕಿರುವುದು ಲೇಸರಿನ ಕ್ರಿಯಾಪದಕ್ಕೆ. ನರಹುಲಿ ಸುಡಿಸಿಕೊಂಡು ಬಂದ ಅಭ್ಯಾಸದಿಂದ ಜನ ಇದನ್ನೂ ‘ಲೇಸರಿನಲ್ಲಿ ಸುಡುವುದು’ ಎನ್ನುತ್ತಾರೆ, ಆ ಮಾತು ಕೇಳಿಯೇ ಅತ್ತಿಗೆ ಎರಡು ಬಾರಿ ಹಿಂದೆ ಸರಿದರು. ನಡೆಯುವುದೇ ಬೇರೆ. ಇದಕ್ಕೆ ಬಳಸುವ ಲೇಸರುಗಳಲ್ಲಿ ಒಂದರ ಬೆಳಕು 595 ನ್ಯಾನೊಮೀಟರ್ ಅಲೆಯುದ್ದದ್ದು. ಅದನ್ನು ರಕ್ತದ ಹಿಮೋಗ್ಲೋಬಿನ್ ಹೀರಿಕೊಂಡು ಬಿಸಿಯಾಗುತ್ತದೆ, ಆ ಬಿಸಿಗೆ ನಾಳ ಮುದುಡಿ ಮುಚ್ಚಿಕೊಳ್ಳುತ್ತದೆ, ಮೇಲಿನ ಚರ್ಮ ಬಹುಮಟ್ಟಿಗೆ ಉಳಿಯುತ್ತದೆ. ವಾರಗಳ ಅಂತರದಲ್ಲಿ ಹಲವು ಸಲ ಮಾಡಬೇಕಾಗುತ್ತದೆ. ಕೆಲವು ದಿನ ನೀಲಿಗಟ್ಟಬಹುದು. ಕಂದು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಆ ಬೆಳಕನ್ನು ಹೀರುವುದರಿಂದ ಕಲೆಯ ಭಯವಿದ್ದು, ಕೆಲವೊಮ್ಮೆ ಮೆಲನಿನ್ ಕಡಿಮೆ ಹೀರುವ 1064 ನ್ಯಾನೊಮೀಟರಿನ ಲೇಸರನ್ನು ಆರಿಸುತ್ತಾರೆ.

ಬುತ್ತಿ ಕಟ್ಟುವ ಮೊದಲು ನಮ್ಮಮ್ಮ ಬಾಳೆಲೆಯನ್ನು ಕೆಂಡದ ಮೇಲೆ ಆಡಿಸುತ್ತಿದ್ದಾಗ, ಎಲೆ ಸುಡದೆ, ಸೀಳದೆ, ಬಿಗಿ ಬಿಟ್ಟು ಮೆತ್ತಗಾಗುತ್ತಿತ್ತು. ಅದಕ್ಕೆ ಅವರು ಹೇಳುತ್ತಿದ್ದುದು ‘ಬಾಡಿಸುವುದು’. ಹದವರಿತ ಕಾವಿನಿಂದ, ಸುಡದೆ, ಒಳಗಿನದನ್ನು ಕುಗ್ಗಿಸುವ ಈ ಕೆಲಸಕ್ಕೆ ಇದಕ್ಕಿಂತ ಹತ್ತಿರದ ಪದ ನನಗೆ ಕಂಡಿಲ್ಲ: ‘ಲೇಸರ್ ಬೆಳಕಿನಿಂದ ರಕ್ತನಾಳಗಳನ್ನು ಬಾಡಿಸುತ್ತಾರೆ’. ಆದರೆ ‘ಮುಖ ಬಾಡಿತು’ ಎಂದರೆ ದುಃಖದ ಮಾತಾಯಿತು. ಚಿಕಿತ್ಸೆಯಿಂದ ಮುಖವೇ ಕಳೆಗುಂದುತ್ತದೆ ಎಂದು ಯಾರಾದರೂ ಓದಿಕೊಂಡಾರೆಂಬ ಅಳುಕಿದೆ. ‘ರಕ್ತನಾಳ’ ಎಂಬ ಕರ್ಮಪದವನ್ನು ಪ್ರತಿ ಸಲವೂ ಜೊತೆಗಿಟ್ಟರೆ ಆ ಗೊಂದಲ ತಪ್ಪೀತೇ? ಸಾಗರ, ಸೊರಬ, ಕೊಪ್ಪದ ಕಡೆಯವರೂ ಬಯಲುಸೀಮೆಯವರೂ ಎಲೆ, ಈರುಳ್ಳಿಗಳನ್ನು ಬಿಟ್ಟು ಬೇರೆ ಯಾವುದಕ್ಕಾದರೂ ‘ಬಾಡಿಸು’ ಎನ್ನುವುದುಂಟೇ ಎಂಬುದನ್ನು ದಯವಿಟ್ಟು ತಿಳಿಸಬೇಕು.