ದೊಡ್ಡ ತೋಟಗಳನ್ನು ಜಾಸ್ತಿ ಆರಿಸಿದ ಸರ್ವೆ, ಸ್ಟ್ಯಾಂಡರ್ಡ್ ಎರರ್ ಇಷ್ಟು ಚಿಕ್ಕದಾ?

ಅಡಿಕೆ_ಲೆಕ್ಕ: ನಮಸ್ಕಾರ. ಪ್ರಾಜೆಕ್ಟ್‌ಗೆ ತೀರ್ಥಹಳ್ಳಿ ಕಡೆ ಅಡಿಕೆ ತೋಟಗಳ ಸರ್ವೆ ಮಾಡ್ತಿದ್ದೇವೆ. ನಮ್ಮ ಪಟ್ಟಿಯಲ್ಲಿ ಸಣ್ಣ ತೋಟ 800, ದೊಡ್ಡವು 200. ಚೀಟಿ ಎತ್ತಿ ಸಣ್ಣದರಲ್ಲಿ 20, ದೊಡ್ಡದರಲ್ಲಿ 40 ಆರಿಸಿದೆವು. ಹಾಗಾಗಿ ವೇಟ್ (ಆರಿಸಿದ ಒಂದು ತೋಟ ಪಟ್ಟಿಯ ಎಷ್ಟು ತೋಟದ ಪರ ಲೆಕ್ಕಕ್ಕೆ ಬರುತ್ತೆ ಅನ್ನೋದು) ಸಣ್ಣದಕ್ಕೆ 40, ದೊಡ್ಡದಕ್ಕೆ 5. ಎಕರೆಗೆ ಸರಾಸರಿ ಎಷ್ಟು ಕ್ವಿಂಟಾಲ್ ಒಣ ಅಡಿಕೆ ಅಂತ ನೋಡಿದರೆ ಉತ್ತರ ನಂಬುವ ಹಾಗೇ ಇದೆ, ಆದರೆ ಸ್ಟ್ಯಾಂಡರ್ಡ್ ಎರರ್ (ಸರಾಸರಿ ಎಷ್ಟು ಆಚೀಚೆ ಆಗಿರಬಹುದು ಅನ್ನೋ ಅಂದಾಜು) ತೀರಾ ಚಿಕ್ಕದು. ಇದನ್ನೇ ಬರೆಯಬಹುದಾ? ಇನ್ನೊಂದು, ಕೊಳೆ ರೋಗ ಬಂದು ಫಸಲು ಹೋದ ಕೆಲವರು ಲೆಕ್ಕ ಹೇಳೋಕೆ ಒಪ್ಪಲಿಲ್ಲ. ಅಲ್ಲಿ ಪಕ್ಕದ ತೋಟ ಸೇರಿಸಿ 60 ತುಂಬಿಸಿದ್ದೇವೆ. ನಡೆಯುತ್ತಾ?

ತುಂಗಾತೀರ: ಬರೆಯಬೇಡಿ. ವೇಟ್ 40 ಅಂದರೆ ಇಂಥದೇ 40 ತೋಟ ನೋಡಿದ್ದೀರಿ ಅಂತ ಸಾಫ್ಟ್‌ವೇರ್ ತಿಳಿದಿದೆ. ಅದರ ಪ್ರಕಾರ ನೀವು 1000 ತೋಟ ಸುತ್ತಿದ್ದೀರಿ! ವೇಟ್‌ಗಳ ಮೊತ್ತದ ವರ್ಗವನ್ನು ವೇಟ್‌ಗಳ ವರ್ಗಗಳ ಮೊತ್ತದಿಂದ ಭಾಗಿಸಿ ನೋಡಿ, ಕಿಶ್ ಅನ್ನೋ ಸಂಖ್ಯಾಶಾಸ್ತ್ರಜ್ಞ ಕೊಟ್ಟ ಸೂತ್ರ ಇದು. 10,00,000 ಭಾಗಿಸು 33,000, ಅಂದರೆ ಸುಮಾರು 30. ನಿಮ್ಮ 60 ತೋಟಕ್ಕೆ 30ರಷ್ಟೇ ಬಲ.

ಸಾಗರದವ: ಕಿಶ್ ಸೂತ್ರ ಒಂದು ಅಂದಾಜಿಗೆ ಸರಿ. ಆದರೆ ಇಲ್ಲಿ ಎರಡು ಗುಂಪನ್ನೂ ಬೇರೆ ಬೇರೆ ಆರಿಸಿದ್ದಾರಲ್ವಾ, ಲೆಕ್ಕವೂ ಬೇರೆ ಬೇರೆ ಆಗಲಿ. ಪ್ರತಿ ಗುಂಪಿನ ವೇರಿಯನ್ಸನ್ನು (ತೋಟದಿಂದ ತೋಟಕ್ಕೆ ಫಸಲು ಎಷ್ಟು ಏರಿಳಿಯುತ್ತೆ ಅನ್ನೋ ಅಳತೆ) ಅದರ ಸ್ಯಾಂಪಲ್ ಸಂಖ್ಯೆಯಿಂದ ಭಾಗಿಸಿ, ಪಟ್ಟಿಯಲ್ಲಿ ಆ ಗುಂಪಿನ ಪಾಲಿನ (ಸಣ್ಣದು 0.8, ದೊಡ್ಡದು 0.2) ವರ್ಗದಿಂದ ಗುಣಿಸಿ, ಕೂಡಿಸಿ, ವರ್ಗಮೂಲ ತೆಗೀರಿ. ಸಣ್ಣದಕ್ಕೆ 0.64/20, ದೊಡ್ಡದಕ್ಕೆ 0.04/40. ಎರಡರ ವೇರಿಯನ್ಸ್ ಒಂದೇ ಅಂತಿಟ್ಟುಕೊಂಡರೂ ಸಣ್ಣ ತೋಟದಿಂದ ಬರುವ ಪಾಲು 32 ಪಟ್ಟು. ಇನ್ನೂ ತೋಟ ನೋಡುವ ಅವಕಾಶ ಇದ್ದರೆ ಸಣ್ಣದನ್ನೇ ನೋಡಿ, ದೊಡ್ಡದಕ್ಕೆ ಓಡಾಡಿ ಪ್ರಯೋಜನ ಇಲ್ಲ. ಆರ್ (R) ಅನ್ನೋ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಸರ್ವೆ ಅನ್ನೋ ಪ್ಯಾಕೇಜ್‌ಗೆ ಗುಂಪು ಯಾವುದು ಅಂತ ಹೇಳಿದರೆ ಅದೇ ಮಾಡುತ್ತೆ.

ಕೊನೆಗಾರ: ನನಗೆ ಜಾಸ್ತಿ ಚಿಂತೆ ಆ ಪಕ್ಕದ ತೋಟದ್ದು. ಹಾರ್ವಿಟ್ಜ್-ಥಾಂಪ್ಸನ್ 1952ರಲ್ಲಿ ಕೊಟ್ಟ ವಿಧಾನದಲ್ಲಿ ವೇಟ್ ಅಂದರೆ ಆಯ್ಕೆಯಾಗುವ ಸಂಭವನೀಯತೆಯ ವಿಲೋಮ (1 ಭಾಗಿಸು ಸಂಭವನೀಯತೆ). ಅದು ಗೊತ್ತಿದ್ದರೆ ಮಾತ್ರ ಕೆಲಸ ಮಾಡುತ್ತೆ. ಇಲ್ಲಿ ಉತ್ತರ ಸಿಗೋದು ಬಿಡೋದು ಫಸಲನ್ನೇ ಅವಲಂಬಿಸಿದೆ. ಕೊಳೆ ಬಂದವರು ಬಿಟ್ಟುಹೋದರು, ಬರದವರು ಒಳಗೆ ಬಂದರು, ಸರಾಸರಿ ಮೇಲೆ ಹೋಯಿತು. ತೋಟದ ಗಾತ್ರದ ವೇಟ್ ಇದನ್ನು ಸರಿಮಾಡಲ್ಲ. ಬದಲಿ ತೋಟ ತೆಗೆದುಹಾಕಿ. ಒಪ್ಪದವರಲ್ಲಿ ಕೆಲವರನ್ನು ಮತ್ತೆ ಚೀಟಿ ಎತ್ತಿ ಆರಿಸಿ, ಊರಿನ ಪರಿಚಯದವರನ್ನು ಕರೆದುಕೊಂಡು ಹೋಗಿ ಕೇಳಿ, ಒಪ್ಪದ ಎಲ್ಲರ ವೇಟನ್ನೂ ಅವರ ಮೇಲೆ ಹಾಕಿ. ಹ್ಯಾನ್ಸನ್ ಮತ್ತು ಹರ್ವಿಟ್ಜ್ 1946ರಲ್ಲೇ ಹೇಳಿದ ದಾರಿ. ಕ್ವಿಂಟಾಲ್ ಲೆಕ್ಕ ಹೇಳದವರೂ ಕೊಳೆಗೆ ಬೋರ್ಡೋ ದ್ರಾವಣ ಎಷ್ಟು ಸಲ ಹೊಡೆಸಿದರು, ಗೊನೆಗೆ ಕೊಟ್ಟೆ (ಮಳೆ ತಾಗದ ಹೊದಿಕೆ) ಕಟ್ಟಿಸಿದ್ದರಾ ಅಂತ ಕೇಳಿದರೆ ಹೇಳಬಹುದು. ಅದನ್ನು ಮೊದಲು ಆರಿಸಿದ 60 ತೋಟಕ್ಕೂ ಬರೆದಿಟ್ಟುಕೊಳ್ಳಿ, ಒಪ್ಪದವರು ಒಪ್ಪಿದವರಿಗಿಂತ ಎಷ್ಟು ಬೇರೆ ಅಂತ ನೋಡಬಹುದು.

ಅಡಿಕೆ_ಲೆಕ್ಕ: ತುಂಬಾ ಥ್ಯಾಂಕ್ಸ್. ಬದಲಿ ತೋಟ ಯಾವುವು ಅಂತ ಪುಸ್ತಕದಲ್ಲಿ ಗುರುತು ಹಾಕಿದ್ದೇವೆ, ತೆಗೆಯೋದು ಕಷ್ಟ ಇಲ್ಲ. ಒಪ್ಪದವರ ಮನೆಗೆ ಅಡಿಕೆ ಕೊಯ್ಲು ಮುಗಿದ ಮೇಲೆ ಹೋಗ್ತೇವೆ.